ದಾವಣಗೆರೆಗೆ ಬಂದ ಮೇಲೆ ನನ್ನ ಬರವಣಿಗೆ

ಬೆಂಗಳೂರು ಬಿಟ್ಟು ದಾವಣಗೆರೆಗೆ ಹೋಗ್ತೀನಿ ಅಂದಾಗ ಗೆಳೆಯರೆಲ್ಲ ಕೇಳಿದ್ದು ಒಂದೇ: ಹೊಟ್ಟೆಪಾಡು ಹೇಗೆ? ಮೊದಲು ಅದನ್ನೇ ಹೇಳಿಬಿಡುತ್ತೇನೆ. ನನ್ನ ದುಡಿಮೆಯ ಹೆಚ್ಚು ಪಾಲು ಅನುವಾದದ್ದು. ಕೆಲಸ ಇಮೇಲ್‌ನಲ್ಲಿ ಬರುತ್ತದೆ, ಇಮೇಲ್‌ನಲ್ಲೇ ಹೋಗುತ್ತದೆ. ಊರು ಬದಲಾದರೂ ಪುಟದ ದರ ಬದಲಾಗಲಿಲ್ಲ. ಬಾಡಿಗೆ ಮಾತ್ರ ಅರ್ಧಕ್ಕಿಂತ ಕೆಳಗಿಳಿಯಿತು. ಹಾಗಾಗಿ ಅನುವಾದವನ್ನು ಮಧ್ಯಾಹ್ನಕ್ಕೆ ತಳ್ಳಿ, ಬೆಳಗಿನ ಹೊತ್ತು ಪೂರ್ತಿ ಸ್ವಂತ ಬರವಣಿಗೆಗೆ ಇಟ್ಟುಕೊಂಡೆ. ಆದರೆ ಈ ಕಸುಬಿನಲ್ಲಿ ದುಡ್ಡು ಕೈಗೆ ಬರುವುದು ತಡ. ಆರು ತಿಂಗಳ ಖರ್ಚಿಗಾಗುವಷ್ಟು ಇಲ್ಲದೆ ಯಾರೂ ಹೊರಡಬೇಡಿ.

ಬೆಂಗಳೂರಿನ ಕೆಲಸಕ್ಕೆ ರೈಲಿದೆ. ಹುಬ್ಬಳ್ಳಿ ಮಾರ್ಗದ ಮುಖ್ಯ ನಿಲ್ದಾಣ ಇದು. 2023ರಲ್ಲಿ ವಂದೇ ಭಾರತ್ ಕೂಡ ಶುರುವಾಯಿತು. ಮಧ್ಯಾಹ್ನದ ಮೇಲೆ ಹತ್ತಿದರೆ ರಾತ್ರಿ ಊಟದ ಹೊತ್ತಿಗೆ ಬೆಂಗಳೂರು.

ಕಷ್ಟವಾದದ್ದು ಬೇರೆ. ಮನೆಯಲ್ಲಿ ಕೂತು ಬರೆಯುವವರನ್ನು ಇಲ್ಲಿ ಬಿಡುವಾಗಿದ್ದಾರೆ ಅಂದುಕೊಳ್ಳುತ್ತಾರೆ. ‘ಮನ್ಯಾಗೇ ಇರ್ತೀಯಲ್ಲ, ಸ್ವಲ್ಪ ಬಂದು ಹೋಗು’ ಅಂತ ದೊಡ್ಡಮ್ಮ ಫೋನ್ ಮಾಡಿದರೆ ಇಲ್ಲ ಅನ್ನೋದು ಹೇಗೆ? ಪ್ರೀತಿಯಿಂದಲೇ ಕರೆಯುತ್ತಾರೆ, ಆದರೆ ಆ ದಿನದ ಬರವಣಿಗೆ ಹೋಯಿತು. ಕೊನೆಗೆ ಮಂಡಿಪೇಟೆಯಲ್ಲಿ ಅಂಗಡಿಯೊಂದರ ಮೇಲಿನ ಸಣ್ಣ ರೂಮು ಹಿಡಿದೆ. ಬೆಳಿಗ್ಗೆ ತಿಂಡಿ ಮುಗಿಸಿ, ಬುತ್ತಿ ಕಟ್ಟಿಕೊಂಡು, ಎಲ್ಲರಿಗೂ ಕಾಣುವ ಹಾಗೆ ಹೊರಡುತ್ತೇನೆ. ಕೆಲಸಕ್ಕೆ ಹೋದರು ಅಂತ ಮನೆಯವರೇ ಹೇಳತೊಡಗಿದ ಮೇಲೆ ಫೋನು ಕಡಿಮೆಯಾಯಿತು. ಚಿಕ್ಕ ಊರಿಗೆ ಹೋಗುವ ಬರಹಗಾರರಿಗೆ ನಾನು ಮೊದಲು ಹೇಳುವುದು ಇದನ್ನೇ. ಮೇಜು ಸಾಲದು, ಬಾಗಿಲು ಬೇರೆ ಇರಬೇಕು.

ಸಂಜೆ ಮಾತ್ರ ಬಾಗಿಲು ತೆರೆದಿರುತ್ತದೆ. ‘ಬರೆಯೋರು’ ಅಂತ ಗೊತ್ತಾದರೆ ಸಾಕು, ಲಗ್ನಪತ್ರಿಕೆಯ ಕರಡು, ನಿವೃತ್ತರಾಗುವ ಮೇಷ್ಟ್ರಿಗೆ ಅಭಿನಂದನಾ ಪತ್ರ, ಪಿಂಚಣಿ ಅರ್ಜಿ ಎಲ್ಲ ಬರುತ್ತದೆ. ದುಡ್ಡು ತಗೊಳ್ಳೋದಿಲ್ಲ. ಮಂಡಕ್ಕಿ ಹುರಿಯುವ ಭಟ್ಟಿಯ ಬಾಗಿಲು ನನಗೆ ತೆರೆದದ್ದು ಇಂಥ ಒಂದು ಅರ್ಜಿಯಿಂದಲೇ. ಅರ್ಜಿ ಬರೆಸಲು ಬಂದಿದ್ದ ಹೆಂಗಸು ಭಟ್ಟಿಯಲ್ಲಿ ಕೆಲಸ ಮಾಡುವವರು.

ಮಂಡಕ್ಕಿ, ಮೆಣಸಿನಕಾಯಿ ಈ ಊರಿನ ಸಂಜೆಯ ತಿಂಡಿ. ತಿನ್ನುವವರಿಗೆ ಅದರ ಹಿಂದಿನ ದುಡಿಮೆ ಕಾಣುವುದಿಲ್ಲ. ಭತ್ತ ನೆನೆಸಬೇಕು, ಬೇಯಿಸಬೇಕು, ಒಣಗಿಸಬೇಕು, ಅಕ್ಕಿ ಮಾಡಿಸಬೇಕು. ಆ ಅಕ್ಕಿಗೆ ಉಪ್ಪುನೀರು ಹಿಡಿಸಿ, ಕಾದ ಮರಳಿಗೆ ಸುರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಅರಳುತ್ತದೆ. ತಕ್ಷಣ ಜರಡಿಗೆ ಎತ್ತಬೇಕು, ತಡವಾದರೆ ಸೀದು ಹೋಗುತ್ತದೆ. ಬೆಳಕು ಹರಿಯುವ ಮೊದಲೇ ಒಲೆ ಹೊತ್ತುತ್ತದೆ. ಒಳಗೆ ಹೊಗೆ, ಕಣ್ಣು ಉರಿ, ಮೈಯೆಲ್ಲ ಬೆವರು. ಮೊದಲ ದಿನ ಬರೀ ನೋಡಿದೆ. ಆಮೇಲೆ ಹೋದಾಗ ಮಾತಾಡಿದೆ. ಮತ್ತೆ ಹೋದೆ. ಮರಳು ಹದಕ್ಕೆ ಬಂದದ್ದು ಹೇಗೆ ತಿಳಿಯುತ್ತದೆ ಅಂತ ಕೇಳಿದ್ದಕ್ಕೆ ಆ ಹೆಂಗಸು ನಾಲ್ಕು ಕಾಳು ಎಸೆದು, ‘ಕೇಳ್ರಿ’ ಅಂದರು. ನನಗೆ ಚಟಪಟ ಅಷ್ಟೇ ಕೇಳಿಸಿತು. ಅವರು ತಲೆ ಅಲ್ಲಾಡಿಸಿ, ‘ಇನ್ನೂ ಒಂಚೂರು ಕಾಯ್ಬೇಕ್ರಿ’ ಅಂದು ಒಲೆಗೆ ಇನ್ನಷ್ಟು ಉರಿ ಕೊಟ್ಟರು.

ಭಟ್ಟಿಯ ಬಗ್ಗೆ ಲೇಖನ ಬರೆದು ಮುಗಿಸಿದ ಮೇಲೆ ಅಲ್ಲೇ ಕೂತು ಕೆಲಸದವರಿಗೆಲ್ಲ ಓದಿ ಹೇಳಿದೆ. ಅವರು ಪೂರ್ತಿ ಕೇಳಿ, ‘ಕೂಲಿ ವಿಚಾರ ಕಮ್ಮಿ ಆತು, ಇನ್ನೂ ಬರೀರಿ’ ಅಂದರು. ಬರೆದೆ. ಲೇಖನದ ಗಟ್ಟಿ ಭಾಗ ಅದೇ ಆಯಿತು. ಬೆಂಗಳೂರಲ್ಲಿದ್ದಾಗ ಇಂಥ ವಿಷಯಕ್ಕೆ ಒಂದು ದಿನ ಬಂದು, ಉಳಿದದ್ದನ್ನು ಫೋನಲ್ಲಿ ಕೇಳಿ ಬರೆಯಬೇಕಿತ್ತು. ಇಲ್ಲಿ ಯಾರ ಬಗ್ಗೆ ಬರೆದೆನೋ ಅವರು ನಾಳೆ ಸಂತೆಯಲ್ಲಿ ಸಿಗುತ್ತಾರೆ. ಅದು ಬರೆಯುವ ಕೈಯನ್ನು ನೆಟ್ಟಗೆ ಇಡುತ್ತದೆ. ನನಗೆ ಇಲ್ಲಿ ಸಿಕ್ಕ ದೊಡ್ಡ ಲಾಭ ಇದೇ.

ಇಲ್ಲದ್ದೂ ಇದೆ. ಕರಡು ಓದಿ ಜಗಳ ಮಾಡುವ ಗೆಳೆಯರು ಹತ್ತಿರದಲ್ಲಿಲ್ಲ. ಅದಕ್ಕೆ ವಾರಕ್ಕೊಮ್ಮೆ ಫೋನಲ್ಲಿ ಒಬ್ಬರಿಗೊಬ್ಬರು ಓದಿಕೊಳ್ಳುತ್ತೇವೆ. ಎದುರು ಕೂತ ಹಾಗೆ ಆಗುವುದಿಲ್ಲ. ದಿನಾ ಬೆಳಿಗ್ಗೆ ಸ್ಥಳೀಯ ಪತ್ರಿಕೆ ತಪ್ಪದೆ ಓದುತ್ತೇನೆ. ಮೆಕ್ಕೆಜೋಳದ ಧಾರಣೆ, ಭದ್ರಾ ನಾಲೆಯ ನೀರು ಕೊನೇ ಭಾಗದ ಗದ್ದೆಗೆ ಮುಟ್ಟಿತೋ ಇಲ್ಲವೋ ಅನ್ನೋ ಸುದ್ದಿ, ಶ್ರದ್ಧಾಂಜಲಿ. ಮುಂದೆ ಯಾರನ್ನು ಹೋಗಿ ಕಾಣಬೇಕು ಅನ್ನೋದು ಅಲ್ಲೇ ಸಿಗುತ್ತದೆ.

ಈಗ ಹಳೇ ಕಾಟನ್ ಮಿಲ್ಲುಗಳ ಕೆಲಸಗಾರರನ್ನು ಹುಡುಕುತ್ತಿದ್ದೇನೆ. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಊರಿಗೆ ಹೆಸರು ತಂದವರು ಅವರು. ಅವರಿಗೆಲ್ಲ ವಯಸ್ಸಾಗಿದೆ. ಅನುವಾದದ ಕೆಲಸ ಸ್ವಲ್ಪ ಕಡಿಮೆ ಮಾಡಿ, ಮಧ್ಯಾಹ್ನಗಳನ್ನೂ ಇದಕ್ಕೇ ಕೊಡುತ್ತಿದ್ದೇನೆ.