ಎಸ್ಸೆಸ್ಸೆಲ್ಸಿ ಮುಗಿಸಿ ಅಮೆರಿಕದಲ್ಲಿ ಒಂದು ವರ್ಷ: ಕ್ಯಾಲೆಂಡರ್ ಹೊಂದಿಸುವ ಬಗೆ

ಅಮೆರಿಕದ ಶಾಲೆಯಲ್ಲಿ ಒಂದು ವರ್ಷ ಓದಿ ಬರುವ ಹೈಸ್ಕೂಲ್ ಎಕ್ಸ್‌ಚೇಂಜ್‌ಗೆ ಮಗುವನ್ನು ಕಳಿಸುವವರಿಗೆ ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ನಡುವಿನ ವರ್ಷವೇ ಸಲೀಸು. ಒಂಬತ್ತನೇ ತರಗತಿಯ ಮಧ್ಯೆ ಕಳಿಸಿದರೆ ಹಾಜರಾತಿಗೂ ಬೋರ್ಡ್ ನೋಂದಣಿಗೂ ಪೆಟ್ಟು.

ಅಲ್ಲಿ ಶಾಲೆ ಆಗಸ್ಟ್‌ನಲ್ಲೋ ಸೆಪ್ಟೆಂಬರ್ ಮೊದಲಿಗೋ ಶುರು, ಮೇ ಕೊನೆಗೋ ಜೂನ್‌ಗೋ ಮುಗಿತಾಯ. ನಮ್ಮ ಪಿಯು ತರಗತಿ ಜೂನ್ ಆರಂಭದ ಆಸುಪಾಸು. ತೊಡಕು ಇಲ್ಲೇ: ಉತ್ತರದ ರಾಜ್ಯಗಳಲ್ಲಿ ಹಿಮ ಸುರಿದು ರಜೆ ಕೊಟ್ಟ ದಿನಗಳನ್ನು ಕೊನೆಗೆ ಸೇರಿಸುತ್ತಾರೆ, ಶಾಲೆ ಜೂನ್ ಮೂರನೇ ವಾರದವರೆಗೂ ಎಳೆಯಬಹುದು. ಹಾಗಾಗಿ ವಾಪಸ್ ಟಿಕೆಟ್ ದಿನಾಂಕ ಬದಲಿಸಲು ಬರುವಂತಿರಲಿ. ಸೇರಿಸಬೇಕೆಂದಿರುವ ಪಿಯು ಕಾಲೇಜಿನವರ ಹತ್ತಿರ ದಾಖಲಾತಿಯ ಕೊನೆ ದಿನ ಮೊದಲೇ ಕೇಳಿಡಿ. ಟಿಸಿ, ಅಂಕಪಟ್ಟಿ ಮನೆಯಲ್ಲೇ ಇರಲಿ, ಪೋಷಕರೇ ಅರ್ಜಿ ಹಾಕಬಹುದು. ಸಿಬಿಎಸ್‌ಇ ಹನ್ನೊಂದಕ್ಕೆ ಸೇರಿಸುವವರಿಗೆ ಲೆಕ್ಕ ಬೇರೆ, ಅದು ಏಪ್ರಿಲ್‌ನಲ್ಲೇ ಶುರುವಾಗಿರುತ್ತೆ.

ಇಂಥ ಎಕ್ಸ್‌ಚೇಂಜ್‌ಗೆ ಹೋಗುವವರಿಗೆ ಕೊಡುವ ಜೆ-1 ವೀಸಾಗೆ ಕಾರ್ಯಕ್ರಮದ ಮೊದಲ ದಿನಕ್ಕೆ 15 ತುಂಬಿರಬೇಕು, ಹದಿನೆಂಟೂವರೆ ದಾಟಿರಬಾರದು. ಎಲ್‌ಕೆಜಿ, ಯುಕೆಜಿ ಬಿಟ್ಟು 11 ವರ್ಷಕ್ಕಿಂತ ಹೆಚ್ಚು ಓದಿರಲೂಬಾರದು. ಹತ್ತು ಮುಗಿಸಿದವರು ಒಳಗೇ ಬರುತ್ತಾರೆ. ಕಾರ್ಯಕ್ರಮ ನಡೆಸುವ ಸಂಸ್ಥೆ ಕೊಡುವ ಡಿಎಸ್-2019 ಅರ್ಹತಾ ಪತ್ರ ಕೈಸೇರದೆ ವೀಸಾ ಸಂದರ್ಶನಕ್ಕೆ ಹೋಗಿ ಪ್ರಯೋಜನವಿಲ್ಲ.

ಅರ್ಜಿಯ ಕೆಲಸ ಹತ್ತನೇ ತರಗತಿಯ ದಸರಾ ರಜೆಯಲ್ಲೇ ಮುಗಿಸಿ, ಪ್ರಿಪರೇಟರಿ ಹೊತ್ತಿಗೆ ಅರ್ಜಿಯ ಪ್ರಬಂಧ ಬರೆಯುತ್ತಾ ಕೂರುವುದು ಯಾರಿಗೂ ಬೇಡ. ಅಲ್ಲಿನ ಅಂಕಗಳನ್ನು ಪ್ರಥಮ ಪಿಯುಸಿಗೆ ಸಮ ಅಂತ ನಂಬಿಕೊಳ್ಳಬೇಡಿ. ವಾಪಸ್ ಬಂದು ಪ್ರಥಮದಿಂದಲೇ ಶುರು ಅಂತ ಯೋಜಿಸಿ.