ಲೇಔಟ್ ಮಂದಿ ಗ್ರಾಮಸಭೆಗೆ ಹೋಗುವುದು ಹೇಗೆ

ನಮ್ಮ ಲೇಔಟ್ ಮೈಸೂರಿನ ಅಂಚಿನಲ್ಲಿದ್ದರೂ ಸೇರುವುದು ಗ್ರಾಮ ಪಂಚಾಯಿತಿಗೆ. ಮೇಷ್ಟ್ರು, ಬ್ಯಾಂಕಿನವರು, ಸಾಫ್ಟ್‌ವೇರ್‌ನವರು ಎಲ್ಲ ಇದ್ದಾರೆ. ಆದರೆ ಪಂಚಾಯಿತಿ ಮೆಟ್ಟಿಲು ಹತ್ತುವುದು ಇ-ಸ್ವತ್ತು ಖಾತೆಗೆ ಮಾತ್ರ. ಗ್ರಾಮಸಭೆ ಅಂದರೆ "ಅದು ಊರವರದ್ದು, ನಮಗ್ಯಾಕೆ" ಅನ್ನುತ್ತಾರೆ.

ನಮಗೇ ಬೇಕು. ಸರ್ಕಾರಿ ಮನೆಯ ಪಟ್ಟಿಯಲ್ಲಿ ಹೆಸರು ಬರಲಿ ಅಂತ ಕಾಯುವವರು ಸದಸ್ಯರನ್ನು ಎದುರು ಹಾಕಿಕೊಳ್ಳಲಾರರು. ಕಾಮಗಾರಿ ಹಿಡಿಯುವವರು ಪ್ರಶ್ನೆ ಕೇಳುವುದೇ ಇಲ್ಲ. ಸಂಬಳವೋ ಪಿಂಚಣಿಯೋ ಬರುವ ನಮಗೆ ಎರಡರ ಹಂಗೂ ಇಲ್ಲ. ಮಧ್ಯಮ ವರ್ಗ ದೊಡ್ಡದಿದ್ದ ಕಡೆ ಆಡಳಿತ ನೆಟ್ಟಗಿರುತ್ತದೆ ಎಂದು ಅರಿಸ್ಟಾಟಲ್ ಎರಡು ಸಾವಿರ ವರ್ಷದ ಹಿಂದೆಯೇ ಹೇಳಿದ್ದ. ಮನೆಯಲ್ಲಿ ಟಿವಿ ಮುಂದೆ ಕೂತಿದ್ದರೂ ನೆಟ್ಟಗಿರುತ್ತದೆ ಅಂತೇನೂ ಹೇಳಿರಲಿಲ್ಲ ಬಿಡಿ.

ಮೊದಲು ವೋಟು. ಆ ಪಂಚಾಯಿತಿಯ ಮತದಾರರ ಪಟ್ಟಿಯಲ್ಲಿ ಇರುವವರೇ ಗ್ರಾಮಸಭೆಯ ಸದಸ್ಯರು. ಮನೆ ಇಲ್ಲಿ, ವೋಟು ಸಿಟಿಯಲ್ಲಿ ಅಂದರೆ ನಡೆಯದು. ಫಾರಂ 8 ತುಂಬಿ ವಿಳಾಸ ಬದಲಿಸಿಕೊಳ್ಳಿ.

ಸಭೆ ಕನಿಷ್ಠ ಆರು ತಿಂಗಳಿಗೊಮ್ಮೆ ನಡೆಯಬೇಕು. ಅದಕ್ಕೂ ಮೊದಲು ವಾರ್ಡ್ ಸಭೆ ಇರುತ್ತದೆ, ಅದನ್ನು ತಪ್ಪಿಸಬೇಡಿ. ದಿನಾಂಕ ಗೊತ್ತಾಗದಿದ್ದರೆ ನೀರುಗಂಟಿಯನ್ನು ಕೇಳಿ. ಅವರಿಗೆ ತಿಳಿಯದ ಪಂಚಾಯಿತಿ ಸುದ್ದಿ ಇಲ್ಲ.

ಹೋದ ಕೂಡಲೇ ಬಾಯಿ ತೆರೆಯಬೇಡಿ. ನಮ್ಮವರು ಮೈಕ್ ಸಿಕ್ಕರೆ ಸಾಕು, ಪಾರ್ಕು, ಬೀದಿನಾಯಿ ಅಂತ ಶುರು ಮಾಡುತ್ತಾರೆ. ವಸತಿ ಯೋಜನೆಯ ಫಲಾನುಭವಿಗಳ ಪಟ್ಟಿ ಓದುವಾಗ ಮೊಬೈಲ್ ನೋಡುತ್ತಾರೆ. ಇದನ್ನು ಉಲ್ಟಾ ಮಾಡಿ. ಪಟ್ಟಿಯನ್ನು ಪೂರ್ತಿ, ಗಟ್ಟಿಯಾಗಿ ಓದಿಸಿ. ಊರಲ್ಲಿ ಯಾರಿಗೆ ಸೂರಿಲ್ಲ ಅನ್ನುವುದು ನಿಮ್ಮ ಮನೆಗೆಲಸಕ್ಕೆ ಬರುವವರಿಗೆ ನಮಗಿಂತ ಚೆನ್ನಾಗಿ ಗೊತ್ತು, ಅಲ್ವಾ? ಅವರ ಜೊತೆಯಲ್ಲೇ ಹೋಗಿ, ಪಕ್ಕದಲ್ಲೇ ಕೂತುಕೊಳ್ಳಿ. ಬಿಟ್ಟುಹೋದ ಹೆಸರನ್ನು ಅವರು ಹೇಳಲು ಅಂಜಿದರೆ ನೀವು ಎದ್ದು ಕೇಳಿ.

ಇನ್ನು ನಡಾವಳಿ ಪುಸ್ತಕ. ಸಭೆ ಮುಕ್ಕಾಲುಪಾಲು ನಡೆಯುವುದು ಇದರಲ್ಲೇ. ಕೋರಂಗೆ, ಅಂದರೆ ಸಭೆ ನಡೆಸಲು ಇರಲೇಬೇಕಾದ ಹಾಜರಿಗೆ, ಒಟ್ಟು ಸದಸ್ಯರ ಹತ್ತನೇ ಒಂದು ಭಾಗ ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಬೇಕು. ಹಾಗಾಗಿ ಶುರುವಿನಲ್ಲೇ ಪುಸ್ತಕ ಕೈಯಿಂದ ಕೈಗೆ ಬರುತ್ತದೆ. ಎಲ್ಲರೂ ಸಹಿ ಹಾಕಿ, ಟೀ ಕುಡಿದು ಹೊರಡುತ್ತಾರೆ. ಒಮ್ಮೆ ನನ್ನ ಕೈಗೆ ಬಂದ ಪುಸ್ತಕದಲ್ಲಿ ಮೇಲೆ ದಿನಾಂಕ, ಕೆಳಗೆ ಸಾಲುಸಾಲು ಸಹಿ, ನಡುವೆ ಒಂದೂವರೆ ಪುಟ ಖಾಲಿ. "ಆಮೇಲೆ ಬರೀತೀವಿ ಮೇಡಂ" ಅಂದರು. ನಾನು ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದವಳು, ಖಾಲಿ ಜಾಗ ಕಂಡರೆ ಗೆರೆ ಎಳೆಯದೆ ಕೈ ಸುಮ್ನಿರಲ್ಲ. "ಬರೀರಿ, ಕಾಯ್ತೀನಿ" ಅಂತ ಕೂತೆ. ನೀವೂ ಕೂರಿ. ಠರಾವುಗಳನ್ನು ಅಲ್ಲೇ ಬರೆಸಿ, ಓದಿಸಿ, ಕೊನೆಯ ಸಾಲಿನ ಕೆಳಗೆ ಗೆರೆ ಎಳೆಸಿ, ಆಮೇಲೆ ಸಹಿ ಹಾಕಿ. ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ.

ನಿಮ್ಮ ಬೇಡಿಕೆ ಇದ್ದರೆ ಎರಡು ಪ್ರತಿ ಬರೆದು ಒಯ್ಯಿರಿ. ಒಂದಕ್ಕೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಸಹಿ, ಸೀಲು ಹಾಕಿಸಿಕೊಳ್ಳಿ.

ನಡಾವಳಿಯ ನಕಲು ಕೊಡದೆ ಸತಾಯಿಸಿದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, 30 ದಿನದ ಗಡುವು. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ನಮ್ಮ ಲೇಔಟಿನ ಹಿರಿಯರಿಗೆ ಕಷ್ಟವಾಗುವುದು ಇದೇ! ಪಂಚಾಯಿತಿ ವ್ಯವಸ್ಥೆ ಕೆಟ್ಟ ಕಥೆ ಬರೆಯಬೇಡಿ. "ಇಂಥ ದಿನದ ಗ್ರಾಮಸಭೆಯ ನಡಾವಳಿ ಮತ್ತು ಹಾಜರಿಯ ದೃಢೀಕೃತ ನಕಲು ಕೊಡಿ" ಅಂದರೆ ಸಾಕು.