ಒಂದು ಕೊಳೆರೋಗ, ಮೂರು ಪತ್ರಿಕೆ

ನಮ್ಮ ಕಾಲೇಜು ಗ್ರಂಥಾಲಯದಲ್ಲಿ ಪ್ರಾಜೆಕ್ಟ್‌ಗೆ ಓದಲು ಬರುವ ಹುಡುಗರಿಗೆ ವಿದ್ವತ್ ಪತ್ರಿಕೆ, ವೃತ್ತಿ ಪತ್ರಿಕೆ, ಜನಪ್ರಿಯ ಪತ್ರಿಕೆ ಅಂತ ವ್ಯಾಖ್ಯೆ ಬರೆಸುವುದನ್ನು ನಾನು ಬಿಟ್ಟಿದ್ದೇನೆ. ಅಡಿಕೆಯ ಕೊಳೆರೋಗ ಹಿಡಿದು ಮೂರು ಪತ್ರಿಕೆ ಮೇಜಿನ ಮೇಲೆ ಹರಡುತ್ತೇನೆ. ಮಲೆನಾಡಿನ ಮಕ್ಕಳಿಗೆ ಆ ರೋಗದ ಪರಿಚಯ ಬೇಕಿಲ್ಲವಲ್ಲ!

‘ಜರ್ನಲ್ ಆಫ್ ಪ್ಲಾಂಟೇಶನ್ ಕ್ರಾಪ್ಸ್’ ತೆರೆದರೆ ಲೇಖಕರ ಹೆಸರಿನ ಕೆಳಗೆ ಅವರ ಸಂಸ್ಥೆ, ಆಮೇಲೆ ಪ್ರಯೋಗದ ವಿಧಾನ, ಕೋಷ್ಟಕ, ಕೊನೆಗೆ ಉದ್ದದ ಉಲ್ಲೇಖಪಟ್ಟಿ. ಅಚ್ಚಾಗುವ ಮೊದಲು ಅದೇ ವಿಷಯದ ಬೇರೆ ತಜ್ಞರು ಓದಿ ತಿದ್ದಿಸಿರುತ್ತಾರೆ. ಪುತ್ತೂರಿನಿಂದ 1988ರಿಂದ ಬರುತ್ತಿರುವ ‘ಅಡಿಕೆ ಪತ್ರಿಕೆ’ಯ ದಾರಿ ಬೇರೆ. ಅಲ್ಲಿ ಬರೆಯುವವರಲ್ಲಿ ಕೃಷಿಕರೇ ಬಹಳ. ಈ ರೋಗಕ್ಕೆ ಸಿಂಪಡಿಸುವ, ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಹಾಕುವ ಬೋರ್ಡೋ ದ್ರಾವಣ ಎಲ್ಲರಿಗೂ ಗೊತ್ತು. ಮರ ಹತ್ತುವವರು ಸಿಗದಿದ್ದರೆ ಅದನ್ನು ಅಡಿಕೆ ಗೊನೆಗೆ ತಲುಪಿಸುವುದು ಹೇಗೆ ಎಂಬುದು ಬೆಳೆಗಾರನ ಪ್ರಶ್ನೆ. ಉಲ್ಲೇಖಪಟ್ಟಿ ಇಲ್ಲ ಅಂತ ಅದನ್ನು ಕೆಳಗಿಡಲು ನನಗೆ ಮನಸ್ಸಿಲ್ಲ. ಜಾಹೀರಾತುಗಳನ್ನೂ ನೋಡಿ ಅನ್ನುತ್ತೇನೆ: ದೋಟಿ, ಸ್ಪ್ರೇಯರ್ ಮಾರುವವರಿದ್ದರೆ ಓದುಗ ಯಾರೆಂದು ತಾನೇ ಗೊತ್ತಾಗುತ್ತದೆ. ಇನ್ನು ‘ಸುಧಾ’, ‘ತರಂಗ’ದಂಥ ವಾರಪತ್ರಿಕೆ ಮನೆಮಂದಿಗೆಲ್ಲ. ವಿಷಯ ಪರಿಚಯಕ್ಕೆ ಸಾಕು, ಪ್ರಬಂಧದ ಆಧಾರಕ್ಕೆ ಸಾಲದು.

ತಕರಾರು ಶುರುವಾಗುವುದು ‘ಎಕನಾಮಿಕ್ ಆ್ಯಂಡ್ ಪೊಲಿಟಿಕಲ್ ವೀಕ್ಲಿ’ ಬಂದಾಗ. ವಾರಪತ್ರಿಕೆ, ಸಂಪಾದಕೀಯವೂ ಇದೆ, ಹಿಂದಿನ ಪುಟಗಳಲ್ಲಿ ತಜ್ಞರ ಪರಿಶೀಲನೆಗೊಳಗಾದ ಸಂಶೋಧನಾ ಲೇಖನವೂ ಇದೆ. ಅಲ್ಲಿ ಪತ್ರಿಕೆಯನ್ನಲ್ಲ, ಕೈಯಲ್ಲಿರುವ ಲೇಖನ ಯಾವ ವಿಭಾಗದ್ದು ಅಂತ ನೋಡಬೇಕು.

‘ಐಎಸ್‌ಎಸ್‌ಎನ್ ಇದೆಯಲ್ಲ ಮೇಡಂ’ ಎನ್ನುವವರು ಪ್ರತಿವರ್ಷ ಇದ್ದೇ ಇರುತ್ತಾರೆ. ಆ ಸಂಖ್ಯೆ ಪತ್ರಿಕೆಯ ಗುರುತು ಮಾತ್ರ. ವಾರಪತ್ರಿಕೆಗೂ ಸಿಗುತ್ತದೆ, ದುಡ್ಡು ಕಟ್ಟಿದರೆ ನಾಲ್ಕೇ ದಿನದಲ್ಲಿ ಏನು ಬೇಕಾದರೂ ಅಚ್ಚು ಹಾಕುವ ಜರ್ನಲ್‌ಗೂ ಸಿಗುತ್ತದೆ. ಈ ಕೊನೆಯ ಜಾತಿಯದಕ್ಕೆ ವಿದ್ವತ್ ಪತ್ರಿಕೆಯ ವೇಷವೆಲ್ಲ ಇರುತ್ತದೆ. ಹಾಗಾಗಿ ಉಲ್ಲೇಖಪಟ್ಟಿಯಿಂದ ಎರಡು ಮೂಲ ಹುಡುಕಿಸುತ್ತೇನೆ, ಸಂಪಾದಕ ಮಂಡಳಿಯ ಒಬ್ಬರ ಹೆಸರನ್ನು ಅವರದೇ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ನೋಡಿಸುತ್ತೇನೆ. ಒಪ್ಪಬಹುದಾದ ಜರ್ನಲ್‌ಗಳ ‘ಕೇರ್’ ಪಟ್ಟಿಯನ್ನು ಯುಜಿಸಿ 2025ರಲ್ಲಿ ಕೈಬಿಟ್ಟ ಮೇಲೆ ಅಧ್ಯಾಪಕರೂ ಇದನ್ನೇ ಕೇಳಿಕೊಂಡು ನನ್ನ ಮೇಜಿಗೆ ಬರುತ್ತಿದ್ದಾರೆ.